ನೆರಳಿನ ಬದಿಯ ಸೀಟು

ಕಾರವಾರದಲ್ಲಿ ಬೇಸಿಗೆ ಎಂಬುದೇ ಇಲ್ಲ ಎಂದು ವಾದಿಸುವ ಮನುಷ್ಯ ಇಡೀ ಜಿಲ್ಲೆಯಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಅತ್ತೆಯ ತಮ್ಮ! “ಸೆಖೆ ಎಲ್ಲುಂಟು? ಬಸ್ಸಿನಲ್ಲಿ ತಪ್ಪು ಬದಿಗೆ ಕೂತವರು ಎಬ್ಬಿಸಿದ ಸುದ್ದಿ ಅದು” ಎನ್ನುತ್ತಾರೆ. ಕೇಳುವವರ ಅಂಗಿ ಬೆನ್ನಿಗೆ ಅಂಟಿ ಬಣ್ಣ ಬದಲಿಸಿದ್ದರೂ ಅವರ ಮಾತು ಬದಲಾಗುವುದಿಲ್ಲ.

ಆ ದಿನ ಬೆಳಿಗ್ಗೆ ಐದೂವರೆಗೆ ನಾನು ಎಂದಿನಂತೆ ಹಿಂದಿನ ಬಾಗಿಲು ತೆಗೆದು, ಗಂಜಿಗೆ ನೀರಿಟ್ಟು, ಹಾಲಿನ ಪ್ಯಾಕೆಟ್ ತರಲು ಗೇಟಿಗೆ ಹೋದೆ. ಮೇ ತಿಂಗಳ ಕೊನೆಯ ವಾರ. ತೆಂಗಿನ ಗರಿಗಳು ಫೋಟೋದಲ್ಲಿ ಇದ್ದ ಹಾಗೆ ಇದ್ದವು, ಒಂದೂ ಅಲ್ಲಾಡುತ್ತಿರಲಿಲ್ಲ. ಪ್ಯಾಕೆಟ್ಟಿನ ಮೈ ಬೆವೆತಿತ್ತು, ನನ್ನದೂ. ಗೇಟಿನ ಹತ್ತಿರ ಮಾಮ ಆಗಲೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಪೂರ್ವ ದಿಕ್ಕನ್ನು ನೋಡುತ್ತ ನಿಂತಿದ್ದರು.

“ಒಂದು ಮೋಡ ಇಲ್ಲ ತಂಗೀ. ನಿನ್ನೆ ಗುಡುಗಿದ್ದು ಸುಳ್ಳೇ. ಇವತ್ತು ಬಿಸಿಲು ಚೊಲೋ ಬೀಳ್ತದೆ.”

“ಬಿಸಿಲು ಬಿದ್ದರೆ ನಿಮಗೆ ಸಂತೋಷವೇ, ಮಾಮ?”

“ಮತ್ತೆ? ಬಿಸಿಲು ಗಟ್ಟಿ ಇದ್ರೇ ಅಲ್ವಾ ನೆರಳು ಗಟ್ಟಿ ಇರೂದು?”

ಈ ಮಾತನ್ನು ನಾನು ಮದುವೆಯಾಗಿ ಬಂದಾಗಿನಿಂದ, ಇಪ್ಪತ್ತೆರಡು ವರ್ಷ ಕೇಳುತ್ತ ಬಂದಿದ್ದೇನೆ. ಅವರು ನನ್ನ ಗಂಡನ ಸೋದರಮಾವ. ಇವರು ಕರೆದಂತೆ ನಾನೂ ಮಾಮ ಎಂದೇ ಕರೆಯುತ್ತೇನೆ. ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವರು. ಕಾರವಾರ–ಅಂಕೋಲಾ ದಾರಿಯಲ್ಲೇ ಅವರ ಕೂದಲು ಹಣ್ಣಾದದ್ದು. ಮನೆ ಅವರ್ಸಾದಲ್ಲಿ. ಮಾರ್ಚ್ ಕೊನೆಗೆ ಒಂದು ಕೈಚೀಲ, ಒಂದು ಛತ್ರಿ ಹಿಡಿದು ನಮ್ಮಲ್ಲಿಗೆ ಬಂದರೆ ಮಳೆ ಹಿಡಿದ ಮೇಲೆಯೇ ವಾಪಸು. ಜನ ಬೇಸಿಗೆಗೆ ಊಟಿಗೆ ಹೋಗುತ್ತಾರೆ. ಮಾಮ ಅವರ್ಸಾದಿಂದ ಕಾರವಾರಕ್ಕೆ ಬರುತ್ತಾರೆ, ಹವಾ ಬದಲಾವಣೆಗೆ! ಎರಡು ಊರಿನ ನಡುವೆ ಬಸ್ಸಿನಲ್ಲಿ ಒಂದು ಗಂಟೆಯೂ ಆಗುವುದಿಲ್ಲ.

ಅವರ ಶಾಸ್ತ್ರ ಬಹಳ ಸರಳ. ಬೆಳಿಗ್ಗೆ ಕಾರವಾರದಿಂದ ಅಂಕೋಲೆಗೆ ಹೋಗುವಾಗ ಸೂರ್ಯ ಎಡಗಡೆ, ಗುಡ್ಡದ ಮೇಲೆ. ಆದ್ದರಿಂದ ಬಲಗಡೆ ಕೂರಬೇಕು. ನೆರಳಿಗೆ ನೆರಳು, ಸಮುದ್ರಕ್ಕೆ ಸಮುದ್ರ. ಮೂರರ ಮೇಲೆ ವಾಪಸು ಬರುವಾಗಲೂ ಬಲಗಡೆಯೇ. ಆಗ ನೆರಳು ಇರುತ್ತದೆ, ಸಮುದ್ರ ಇರುವುದಿಲ್ಲ. “ಎರಡೂ ಬೇಕು ಅಂದ್ರೆ ಹ್ಯಾಂಗೆ? ಹೋಗುವಾಗ ಸಮುದ್ರ, ಬರುವಾಗ ಗುಡ್ಡ. ದೇವರು ಪಾಲು ಮಾಡಿಯೇ ಇಟ್ಟಾನೆ.” ಹಾಗಾದರೆ ನಡುಮಧ್ಯಾಹ್ನ? “ಆಗ ಸೂರ್ಯ ಟಾಪಿನ ಮೇಲೆ ಕೂತಿರ್ತ. ಟಿಕೆಟ್ ಇಲ್ಲದ ಗಿರಾಕಿ. ಮನುಷ್ಯರು ಆಗ ಬಸ್ಸು ಹತ್ತಬಾರ್ದು.”

ಬಸ್ಸಿನಿಂದ ಇಳಿದ ಮೇಲೂ ಶಾಸ್ತ್ರ ಮುಂದುವರಿಯುತ್ತದೆ. ಎರಡು ವರ್ಷದ ಹಿಂದೆ ನನ್ನ ಗಂಡನ ಸ್ನೇಹಿತರೊಬ್ಬರು ಹುಬ್ಬಳ್ಳಿಯಿಂದ ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಬಂದಿದ್ದರು. ಸಮುದ್ರ ನೋಡಿ ಎರಡು ದಿನ ಹಾಯಾಗಿ ಇರೋಣವೆಂದು ಬಂದವರು, ಪಾಪ! ಮಾಮ ಅವರನ್ನು ತಮ್ಮ ಸುಪರ್ದಿಗೆ ತೆಗೆದುಕೊಂಡರು. ಐದಕ್ಕೆ ಎಬ್ಬಿಸಿ ಕಡಲ ದಂಡೆ. ಏಳಕ್ಕೆ ಮೀನುಪೇಟೆ, ಏಕೆಂದರೆ ಎಂಟರ ಮೇಲೆ ಸಿಗುವುದು ಮೀನಲ್ಲ, ಮೀನಿನ ನೆನಪು. ಹತ್ತಕ್ಕೆ ಮುರುಗಲು ಹಣ್ಣಿನ ಶರಬತ್ತು, ಐಸು ಇಲ್ಲದೆ. ಮಕ್ಕಳು ಐಸು ಕೇಳಿದವು. “ಐಸು ನಾಲಗೆಗೆ ತಂಪು, ಹೊಟ್ಟೆಗೆ ಬೆಂಕಿ” ಎಂದು ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಮಧ್ಯಾಹ್ನ ಗಂಜಿ ಉಣಿಸಿ, ಫ್ಯಾನು ಆರಿಸಿ, ನಾಲ್ವರನ್ನೂ ನಡುಮನೆಯ ಕೆಂಪು ನೆಲದ ಮೇಲೆ ಸಾಲಾಗಿ ಮಲಗಿಸಿದರು. ಮೈ ತಾಗಿದ ನೆಲ ಬಿಸಿಯಾಗುತ್ತದಲ್ಲ? ಅದಕ್ಕೆ ಕಾಲು ಗಂಟೆಗೊಮ್ಮೆ ಒಂದು ಮೊಳ ಪಕ್ಕಕ್ಕೆ ಉರುಳಬೇಕು. ನಿದ್ದೆಯಲ್ಲಿ ಮರೆತುಹೋಗದಿರಲೆಂದು ಮಾಮ ಕಂಡಕ್ಟರ್ ಸೀಟಿ ಊದುತ್ತಿದ್ದರು. ಒಂದು ಸೀಟಿಗೆ ನಾಲ್ಕು ಜನ ಒಟ್ಟಿಗೆ ಉರುಳುವುದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ಕಣ್ಣಾರೆ ನೋಡಿದ್ದೇನೆ.

“ರೀ, ನಾವು ಇಲ್ಲಿಗೆ ಸೂಟಿಗೆ ಬಂದೀವೋ, ಡ್ಯೂಟಿಗೆ ಬಂದೀವೋ?” ಎಂದು ಆ ಸ್ನೇಹಿತರು ಇವರನ್ನು ಕೇಳಿದರಂತೆ. ಆದರೆ ತಿಂಗಳ ಮೇಲೆ ಅವರ ಹೆಂಡತಿ ಫೋನು ಮಾಡಿ, “ನಿಮ್ಮ ಮನಿ ನೆಲದ ಮ್ಯಾಲ ಬಂದಂಥ ನಿದ್ದಿ ಮತ್ತ ಬರವಲ್ದು ನೋಡ್ರಿ” ಎಂದರು. ಮಾಮನಿಗೆ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ.

ಇಂಥ ಮಾಮ ಈ ವರ್ಷ ಬಂದಾಗ ಮನೆ ಬೇರೆಯಾಗಿತ್ತು. ಕಳೆದ ಮಳೆಗಾಲದಲ್ಲಿ ಅತ್ತೆ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಗೆ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಒಳಗೆ ರಾಡು ಬಂತು, ಹೊರಗೆ ವಾಕರ್ ಬಂತು. ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಧೈರ್ಯವಾಗಿ ಓಡಾಡಿ ಎಂದು ಡಾಕ್ಟರು ಹೇಳಿ ತಿಂಗಳುಗಳೇ ಆಗಿದ್ದವು. ಅತ್ತೆ ಓಡಾಡುತ್ತಿದ್ದರು, ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ. ಜಗಲಿಯ ಮೆಟ್ಟಿಲು ಬಂದ ಕೂಡಲೇ ವಾಕರ್ ತಾನಾಗಿಯೇ ತಿರುಗುತ್ತಿತ್ತು. “ಹೊರಗೆ ಎಂತ ಉಂಟು? ಎಲ್ಲಾ ನೋಡಿದ್ದೇ.” ಎಪ್ಪತ್ತಾರು ವರ್ಷದವರನ್ನು ಒತ್ತಾಯ ಮಾಡುವುದು ಹೇಗೆ? ಇವರು ಕಾರಿನಲ್ಲಿ ಕರೆದೊಯ್ಯುತ್ತೇನೆ ಎಂದರು. ಕಾರೆಂದರೆ ಅತ್ತೆಗೆ ಮೊದಲಿನಿಂದಲೂ ವಾಂತಿ. ಒಬ್ಬರನ್ನೇ ಬಿಡುವಂತಿರಲಿಲ್ಲ, ಇವರು ಆಫೀಸಿಗೆ ಹೋದರೆ ನಾನು, ನಾನು ಪೇಟೆಗೆ ಹೋದರೆ ಇವರು, ಹೀಗೆ ಪಾಳಿ ಹಾಕಿಕೊಂಡಿದ್ದೆವು. ಮನೆಗೆ ಬೀಗ ಹಾಕುವ ದಿನವೇ ಇರಲಿಲ್ಲ. ಬಾಗಿಲ ಬದಿಯಲ್ಲಿದ್ದ ಅತ್ತೆಯ ಚಪ್ಪಲಿಯೊಳಗೆ ಜೇಡ ಬಲೆ ಕಟ್ಟುತ್ತಿತ್ತು. ನಾನು ವಾರಕ್ಕೊಮ್ಮೆ ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದೆ.

ಮಾಮ ಎರಡು ದಿನ ಅಕ್ಕ ನಡೆಯುವುದನ್ನು ನೋಡಿದರು. ಮೂರನೆಯ ದಿನ ಗಂಜಿ ಉಣ್ಣುವಾಗ ಘೋಷಿಸಿದರು: “ಈ ವರ್ಷ ಇಶಾಡು ಹಣ್ಣು ಈ ಮನೆಗೆ ಬರೂದಿಲ್ಲ. ತಿನ್ನುವವರು ಅಂಕೋಲೆಗೆ ಬಂದು ತಿನ್ನಬೇಕು.”

ಅಂಕೋಲೆಯ ಇಶಾಡು ಮಾವನ್ನು ತಿಂದವರಿಗೆ ಇದು ಎಂಥ ಕ್ರೂರ ಮಾತು ಎಂದು ವಿವರಿಸಬೇಕಾಗಿಲ್ಲ. ತಿನ್ನದವರಿಗೆ ವಿವರಿಸಿ ಪ್ರಯೋಜನವಿಲ್ಲ. ಅಡುಗೆಮನೆಯಲ್ಲಿ ಹೆಚ್ಚಿದರೆ ಗೇಟಿನಲ್ಲಿ ಗೊತ್ತಾಗುವ ಹಣ್ಣು ಅದು. ಸಿಗುವುದು ಕೆಲವೇ ವಾರ. ನಾಲ್ಕು ಮಳೆ ಬಿದ್ದರೆ ಒಳಗೆ ಹುಳ. ನನ್ನ ಅತ್ತೆ ವರ್ಷವನ್ನು ಎಣಿಸುವುದೇ ಇಶಾಡಿನಿಂದ ಇಶಾಡಿಗೆ. ಪ್ರತಿ ವರ್ಷ ಅತ್ತೆ ಒಮ್ಮೆ ತಾವೇ ಅಂಕೋಲೆಗೆ ಹೋಗಿ ಆರಿಸಿ ಬರುತ್ತಿದ್ದರು, ಆಮೇಲೆ ಬುಟ್ಟಿಗಟ್ಟಲೆ ಹೊತ್ತು ತರುತ್ತಿದ್ದವರು ಇದೇ ತಮ್ಮ.

ಇವರು ತಾಯಿಯ ಮುಖ ನೋಡಲಾರದೆ ಒಂದು ಸಂಜೆ ಊಟದ ಚೀಲದಲ್ಲಿ ನಾಲ್ಕು ಹಣ್ಣು ಅಡಗಿಸಿ ತಂದರು. ಅಡಗುತ್ತದೆಯೇ? ಮಾಮ ಗೇಟಿನಲ್ಲೇ ಹಿಡಿದರು. ಟಿಕೆಟ್ ಇಲ್ಲದವನನ್ನು ಇಳಿಸಿದ ಹಾಗೆ ನಾಲ್ಕನ್ನೂ ಚೀಲದಿಂದ ಇಳಿಸಿ, ಗೋಡೆಯ ಮೇಲಿಂದ, ನಾವೆಲ್ಲ ಬಾಯಿ ಎಂದು ಕರೆಯುವ ಪಕ್ಕದ ಮನೆಯ ಕೊಂಕಣಿ ಹೆಂಗಸಿಗೆ ಕೊಟ್ಟುಬಿಟ್ಟರು. ಆ ಬಾಯಿ ನಮ್ಮ ಜಗಲಿಗೆ ಕೇಳುವಂತೆ ಸೊರ್ ಸೊರ್ ಎಂದು ತಿಂದರು.

“ನಿನ್ನ ಹೊಟ್ಟೆಗೆ ಹುಳ ಬೀಳ್ಲಿ!” ಎಂದರು ಅತ್ತೆ.

“ಹುಳ ಬೀಳೂದು ಇಶಾಡಿಗೆ, ಜೂನಿನಲ್ಲಿ. ಅಷ್ಟರೊಳಗೆ ಬಾ” ಎಂದರು ಮಾಮ.

ಬರುವುದು ಹೇಗೆ? ಬಸ್ಸಿನ ಮೆಟ್ಟಿಲು ಎತ್ತರ. ಅತ್ತೆಯ ನಿಜವಾದ ಹೆದರಿಕೆ ಅದೇ ಎಂದು ಮಾಮನಿಗೆ ನಮಗಿಂತ ಮೊದಲು ಗೊತ್ತಾಗಿತ್ತು. ಅವರು ನನ್ನ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದುಕೊಂಡು ಹೋದರು. ಮುಂದಿನ ನಾಲ್ಕು ದಿನ ಊರಿನ ಬಸ್ ನಿಲ್ದಾಣಗಳಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ರಸ್ತೆ ಬದಿಯ ಕಟ್ಟೆ ಎಷ್ಟೆತ್ತರ, ಬಸ್ಸಿನ ಮೊದಲ ಮೆಟ್ಟಿಲು ಎಷ್ಟೆತ್ತರ ಎಂದು ಅಳೆದರು. ನಮ್ಮ ಕಡೆಯಲ್ಲಿ ಹೆದ್ದಾರಿಯ ಬದಿಗೆ ಒಬ್ಬ ಮನುಷ್ಯ ಟೇಪು ಹಿಡಿದು ಕೂತರೆ ಏನಾಗುತ್ತದೆ? ಜನ ಸೇರಿದರು. “ಮತ್ತೆ ಅಗಲ ಮಾಡ್ತಾರಾ?” “ನಮ್ಮ ಕಂಪೌಂಡು ಹೋಗ್ತದಾ?” ಒಬ್ಬ ಅಜ್ಜ ಮನೆಯಿಂದ ಹಕ್ಕುಪತ್ರವನ್ನೇ ತಂದು ತೋರಿಸಿದರಂತೆ. ಮಾಮ ತಲೆ ಎತ್ತದೆ, “ಇಲ್ಲ ಮಾರಾಯ್ರೆ, ಅಕ್ಕನ ಕಾಲಿಗೆ” ಎಂದರಂತೆ. ಜನರಿಗೆ ಇನ್ನೂ ಗಾಬರಿಯಾಯಿತು.

ಕೊನೆಗೆ ಒಂದು ನಿಲ್ದಾಣ ಸಿಕ್ಕಿತು. ಅಲ್ಲಿ ಕಟ್ಟೆ ಎತ್ತರ. ಅದರ ಮೇಲೆ ನಿಂತರೆ ಬಸ್ಸಿನ ಮೆಟ್ಟಿಲಿಗೆ, ಮನೆ ಕಟ್ಟುವ ಒಂದು ಕೆಂಪು ಚಿರೇಕಲ್ಲಿನಷ್ಟೇ ಅಂತರ. ಅಂದೇ ನಮ್ಮ ಅಂಗಳಕ್ಕೆ ಒಂದು ಚಿರೇಕಲ್ಲು ಬಂತು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಹತ್ತಿ ಇಳಿಯುವ ಅಭ್ಯಾಸ. “ಹತ್ತುವಾಗ ಒಳ್ಳೆ ಕಾಲು ಮೊದಲು! ಇಳಿಯುವಾಗ ಕೆಟ್ಟ ಕಾಲು ಮೊದಲು!” ಎಂದು ಕೂಗಿ ಸೀಟಿ ಊದುವುದು ಅವರ ಕೆಲಸ. ನಾನು ಡ್ರೈವರ್. ಮುಂದೆ ಸ್ಟೂಲಿನ ಮೇಲೆ ಸುಮ್ಮನೆ ಕೂತಿರಬೇಕು, ಎದ್ದರೆ “ಇಂಜಿನ್ ಬಂದ್ ಮಾಡ್ಬೇಡ ತಂಗೀ!” ಎಂದು ಗದರುತ್ತಿದ್ದರು. ಒಲೆಯ ಮೇಲೆ ಸಾರು ಉಕ್ಕಿಹೋದದ್ದು ಎಷ್ಟು ಸಲವೋ!

ಅತ್ತೆ ಕಲ್ಲು ಹತ್ತಿದರು, ಇಳಿದರು. ಆದರೆ ಅಂಕೋಲೆಯ ಮಾತೆತ್ತಿದರೆ “ನೋಡ್ವಾ” ಎನ್ನುತ್ತಿದ್ದರು. ಮೇ ತಿಂಗಳು ಸವೆಯುತ್ತ ಬಂತು. ಹಿಂದಿನ ದಿನ ಸಂಜೆ ಪೂರ್ವದಲ್ಲಿ ದೂರಕ್ಕೆ ಗುಡುಗಿತು. ಅತ್ತೆ ಮಂಚದ ಮೇಲೆ ಎದ್ದು ಕೂತು ಸ್ವಲ್ಪ ಹೊತ್ತು ಕಿವಿಗೊಟ್ಟರು. ಆಮೇಲೆ ಹೇಳಿದರು: “ನಾಳೆ ಹೋಗ್ವಾ. ಆದ್ರೆ ನಾ ಬರೂದು ಹಣ್ಣಿಗೆ. ನಿನ್ನ ಮಾತಿಗಲ್ಲ.”

“ಅಡ್ಡಿಲ್ಲ” ಎಂದರು ಮಾಮ. ಅಷ್ಟೇ. ಮುಖ ಮಾತ್ರ ಗೋಡೆಯ ಕಡೆ ತಿರುಗಿಸಿಕೊಂಡರು.

ಹೀಗೆ ಆ ಬೆಳಿಗ್ಗೆ ಇವರು ಆಫೀಸಿಗೆ ಹೊರಟ ಮೇಲೆ ನಾವು ಮೂವರು ರಿಕ್ಷಾದಲ್ಲಿ ಆ ಎತ್ತರದ ಕಟ್ಟೆಯ ನಿಲ್ದಾಣಕ್ಕೆ ಬಂದೆವು. ಅತ್ತೆ ಒಂದು ಕೈಯಲ್ಲಿ ವಾಕರ್, ಇನ್ನೊಂದರಲ್ಲಿ ನನ್ನ ಮುಂಗೈ ಹಿಡಿದಿದ್ದರು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ನನ್ನ ಬಳೆ ಚರ್ಮಕ್ಕೆ ಒತ್ತಿ ಗುರುತಾಗಿತ್ತು. ಬಸ್ಸು ಬಂತು. ಮಾಮ ನಡುರಸ್ತೆಗೆ ಇಳಿದು ಎರಡೂ ಕೈ ಬೀಸಿ, ಬಸ್ಸು ಕಟ್ಟೆಗೆ ಅಂಟಿಯೇ ನಿಲ್ಲುವಂತೆ ಮಾಡಿದರು. ನಾನು ಮೊದಲು ಹತ್ತಿ ಕೈ ಕೊಟ್ಟೆ. ಮಾಮ ವಾಕರ್ ಮಡಚಿ ಹಿಡಿದು ಹಿಂದೆ ನಿಂತರು. “ಒಳ್ಳೆ ಕಾಲು, ಅಕ್ಕಾ, ಒಳ್ಳೆ ಕಾಲು!” ಅತ್ತೆ ಕಣ್ಣು ಮುಚ್ಚಿದರು. ಹತ್ತಿದರು.

ಆ ಕ್ಷಣ ಮಾಮನಿಗೆ ಏನಾಯಿತೋ! ಮೂವತ್ತನಾಲ್ಕು ವರ್ಷದ ಅಭ್ಯಾಸ ತಾನೇ? ಕೊನೆಯ ಪ್ರಯಾಣಿಕಳು ಹತ್ತಿದ್ದನ್ನು ನೋಡಿದ ಅವರ ಕೈ ತಾನಾಗಿ ಮೇಲೆದ್ದು, ಬಸ್ಸಿನ ಮೈಗೆ ಎರಡು ಸಲ ಪಟಪಟ ಬಡಿಯಿತು. “ರೈಟ್! ರೈಟ್!”

ಬಸ್ಸು ಹೊರಟೇಬಿಟ್ಟಿತು.

ಹಿಂದಿನ ಗಾಜಿನಲ್ಲಿ ನೋಡುತ್ತೇನೆ, ಮಾಮ ಕಟ್ಟೆಯ ಮೇಲೆ ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಅತ್ತೆಯ ವಾಕರ್ ಹಿಡಿದು ಬಾಯಿ ತೆರೆದು ನಿಂತಿದ್ದಾರೆ! ಬಸ್ಸಿನಲ್ಲಿ ಕೂಗಾಡಬಾರದು ಎಂದು ಕಾನ್ವೆಂಟಿನ ಸಿಸ್ಟರು ನಮಗೆ ಕಲಿಸಿದ್ದರು. ಅದು ಎಷ್ಟು ಚೆನ್ನಾಗಿ ನಾಟಿತ್ತೆಂದರೆ, ಅಂಥ ಹೊತ್ತಿನಲ್ಲೂ ನಾನು ಮೆಲ್ಲಗೆ, “ಸ್ವಲ್ಪ ನಿಲ್ಲಿಸ್ತೀರಾ?” ಎಂದೆ. ನನಗೇ ಕೇಳಿಸಲಿಲ್ಲ. ಕಂಡಕ್ಟರ್ ಒಬ್ಬ ಹುಡುಗಿ. ಹಿಂದೆ ನೋಡಿ ಅವಳೇ ಗಂಟೆಯ ಹಗ್ಗಕ್ಕೆ ಕೈ ಹಾಕಿದಳು.

“ಬೇಡ!” ಎಂದರು ಅತ್ತೆ. ಕಂಬ ಹಿಡಿದು ನೆಟ್ಟಗೆ ನಿಂತಿದ್ದರು. “ನಿಲ್ಸಬೇಡ ಮಗಾ. ಹಿಂದಿನ ಬಸ್ಸಿಗೆ ಬರ್ಲಿ. ಎಷ್ಟು ಮಂದಿಯನ್ನ ಅಂವ ಹೀಂಗೇ ಬಿಟ್ಟು ಹೋಗಿದ್ನೋ, ಒಂದ್ಸಲ ಗೊತ್ತಾಗ್ಲಿ!”

“ಅತ್ತೆ, ವಾಕರ್?”

“ಅದೂ ಅವನ ಸಂಗ್ತಿ ಬತ್ತದೆ. ಅದಕ್ಕೆಂತ ಕಾಲಿಲ್ವಾ? ನಾಕುಂಟು!”

ಹೇಳಿ ನಗತೊಡಗಿದರು. ಇಡೀ ಬಸ್ಸು ನಕ್ಕಿತು. ನಾನು ಮಾತ್ರ ನಗಲಿಲ್ಲ. ಇಳಿಯುವುದು ಹೇಗೆ ಎಂಬ ಯೋಚನೆ ನನಗೆ. ಬಲಗಡೆ, ಮಾಮ ಪಾಠ ಹೇಳಿದ ನೆರಳಿನ ಬದಿಯಲ್ಲಿ, ಕಿಟಕಿಯ ಸೀಟು ಖಾಲಿಯಿತ್ತು. ಅತ್ತೆ ಅದನ್ನು ನೋಡಿದರು. ನೋಡಿ, ಕಂಬದಿಂದ ಕಂಬಕ್ಕೆ ಕೈ ಹಾಕುತ್ತ ಎಡಗಡೆಗೆ ಹೋಗಿ ಕೂತರು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು.

“ಅತ್ತೆ, ಅದು ಬಿಸಿಲ ಬದಿ.”

“ಗೊತ್ತುಂಟು. ಹತ್ತು ತಿಂಗಳಾಯ್ತು, ನೆರಳಲ್ಲೇ ಕೂತು.”

ಹುಡುಗಿ ಆಧಾರ್ ಕಾರ್ಡ್ ನೋಡಿ ಹೆಂಗಸರ ಸೊನ್ನೆ ಟಿಕೆಟ್ ಹರಿದುಕೊಟ್ಟಳು. ಅತ್ತೆ ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. ಅಂಕೋಲೆಯವರೆಗೆ ಮಾತು ನಿಲ್ಲಲಿಲ್ಲ. ಈ ಮನೆಗೆ ಬಣ್ಣ ಹೊಡೆದಾರೆ. ಆ ಗೇರುಮರ ಕಡಿದಾರೆ, ಕೈ ಬಿದ್ದುಹೋಗ್ಲಿ. ಹಟ್ಟಿಕೇರಿಯಲ್ಲಿ ಯಾರದೋ ಅಂಗಳದಲ್ಲಿ ಹಪ್ಪಳ ಒಣಗಿಸಿದ್ದು ಕಂಡಿತು. “ಇಷ್ಟು ಹೊತ್ತಿಗೆ ಹರವಿದ್ರೆ ಸಂಜೆಗೆ ಒಣಗ್ತದೆ. ನಾವು ಈ ವರ್ಷ ಹಪ್ಪಳ ಮಾಡ್ಲೇ ಇಲ್ಲ ಅಲ್ವಾ?” ಅತ್ತೆ ಹಪ್ಪಳದ ಮಾತಾಡಿ ಒಂದು ವರ್ಷವಾಗಿತ್ತು.

ಅಂಕೋಲೆಯಲ್ಲಿ ಬಸ್ಸು ನಿಂತಿತು. ಒಂದು ಕಡೆ ಕಂಡಕ್ಟರ್ ಹುಡುಗಿ, ಇನ್ನೊಂದು ಕಡೆ ನಾನು. ಸೀಟಿ ಇಲ್ಲ, ಕೂಗು ಇಲ್ಲ. ಅತ್ತೆ ತಾವೇ ತಮಗೆ ಮೆಲ್ಲಗೆ ಹೇಳಿಕೊಂಡರು: “ಕೆಟ್ಟ ಕಾಲು ಮೊದಲು.” ಇಳಿದರು. ಇಳಿದ ಮೇಲೆ ಹುಡುಗಿಯ ಕೆನ್ನೆ ಸವರಿ, “ನಿನ್ನ ಬಸ್ಸು ಚೊಲೋ ಉಂಟು” ಎಂದರು, ಅದೇನೋ ಅವಳೇ ಕಟ್ಟಿಸಿದ ಮನೆ ಎಂಬಂತೆ.

ಹಿಂದಿನ ಬಸ್ಸು ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ವಾಕರನ್ನು ತಲೆಯ ಮೇಲೆ ಎತ್ತಿ ಹಿಡಿದು, ಜನರನ್ನು ಸರಿಸಿಕೊಂಡು ಮಾಮ ಇಳಿದರು. ಮುಖದಲ್ಲಿ ರಕ್ತವಿರಲಿಲ್ಲ. ಅಕ್ಕ ಬೆಂಚಿನ ಮೇಲೆ ಕೂತು ಅಪರಿಚಿತ ಹೆಂಗಸೊಬ್ಬಳಿಗೆ ತನ್ನ ಆಪರೇಷನ್ನಿನ ಕತೆ ಹೇಳುತ್ತಿರುವುದನ್ನು ಕಂಡು ಅಲ್ಲೇ ನಿಂತುಬಿಟ್ಟರು. ಏನು ಹೇಳುತ್ತಾರೋ ಎಂದು ನಾನು ಕಾಯುತ್ತಿದ್ದೆ.

“ಯಾವ ಬದಿಗೆ ಕೂತಿದ್ದೆ?” ಎಂದು ಕೇಳಬೇಕೇ!

“ನೀ ಹೇಳಿದ ಬದಿಗೇ” ಎಂದರು ಅತ್ತೆ, ಕಣ್ಣು ಮಿಟುಕಿಸದೆ.

ಮೂವತ್ತನಾಲ್ಕು ವರ್ಷ ಆ ದಾರಿಯಲ್ಲಿ ತಿರುಗಿದವರಿಗೆ ಸುಳ್ಳು ಹೇಳಿದರೆ ನಡೆಯುತ್ತದೆಯೇ? ಅತ್ತೆಯ ಎಡಗೆನ್ನೆ, ಎಡಗಿವಿ ಕೆಂಪಗೆ ಕಾದಿದ್ದವು. ಬಲಗೆನ್ನೆಯಲ್ಲಿ ಬೆಳಗಿನ ಪೌಡರು ಹಾಗೆಯೇ ಇತ್ತು. ಮಾಮ ಒಂದು ಕೆನ್ನೆ ನೋಡಿದರು, ಇನ್ನೊಂದು ಕೆನ್ನೆ ನೋಡಿದರು. “ಹೌದಾ, ಅಡ್ಡಿಲ್ಲ” ಎಂದು ವಾಕರನ್ನು ಬಿಡಿಸಿ ಅವರ ಮುಂದಿಟ್ಟರು.

ಮಾವಿನ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರಲ್ಲಿ ಒಬ್ಬಳು ಅತ್ತೆಗೆ ಹಳಬಳು. ವಾಕರ್ ನೋಡಿ ಅವಳು ಎದ್ದೇ ನಿಂತಳು. “ಅಯ್ಯೋ ಅಮ್ಮಾ, ನೀವು ಇದ್ದೀರಿ! ಹಣ್ಣಿಗೆ ಬರ್ಲಿಲ್ಲ, ಹೋಗೇ ಬಿಟ್ರೋ ಏನೋ ಅಂತ ಮಾಡಿದ್ದೆ!”

“ನಿನ್ನ ಹಣ್ಣು ತಿನ್ನದೆ ಹ್ಯಾಂಗೆ ಹೋಗ್ಲೆ?”

“ಈ ಒಡೆಯರು ವಾರವಾರ ಬತ್ರು. ಮೂಸ್ತ್ರು, ‘ಇನ್ನೂ ಎಷ್ಟು ದಿನ ಉಂಟು, ಇನ್ನೂ ಎಷ್ಟು ದಿನ ಉಂಟು’ ಅಂತ ಕೇಳ್ತ್ರು. ಒಂದೂ ತಕಂಡು ಹೋಗೂದಿಲ್ಲ. ತಲೆ ಸರಿ ಉಂಟಾ ಇವರ್ದು?”

“ಮೊದಲಿಂದ್ಲೂ ಇಲ್ಲ” ಎಂದರು ಅತ್ತೆ.

ಮಾಮ ಅಂದಿನವರೆಗೂ ಈ ವರ್ಷ ಒಂದು ಇಶಾಡನ್ನೂ ತಿಂದಿರಲಿಲ್ಲ ಎಂಬುದು ನಮಗೆ ಹೀಗೆ ಗೊತ್ತಾಯಿತು. ಅಲ್ಲೇ, ಅಂಗಡಿಯೊಂದರ ಕಟ್ಟೆಯ ಮೇಲೆ, ಅಕ್ಕ ತಮ್ಮ ಇಬ್ಬರೂ ಹಣ್ಣು ಹಿಂಡಿ ಹಿಂಡಿ ತಿಂದರು. ರಸ ಮೊಣಕೈಗೆ ಇಳಿಯಿತು. ನಾನು ಕರವಸ್ತ್ರ ಹಿಡಿದು ನಿಂತೆ. ಆಮೇಲೆ ಅದನ್ನು ಮಡಚಿಟ್ಟು ನಾನೂ ಒಂದು ತೆಗೆದುಕೊಂಡೆ.

ಮಧ್ಯಾಹ್ನ ಅವರ್ಸಾದ ಮಾಮನ ಮನೆಯಲ್ಲಿ ಊಟ, ನೆಲದ ಮೇಲೆ ನಿದ್ದೆ. ಮೂರರ ಮೇಲೆ ಬಸ್ಸು; ನಾವಿಬ್ಬರೂ ಕೈ ಕೊಟ್ಟೆವು, ಅತ್ತೆ ಒಳ್ಳೆ ಕಾಲು ಮೊದಲಿಟ್ಟು ಹತ್ತಿದರು. ಬಲಗಡೆ ನೆರಳಿನ ಸೀಟುಗಳೆಲ್ಲ ಖಾಲಿ ಇದ್ದವು. ಮಾಮ ಯಾರನ್ನೂ ಕೇಳದೆ ಅಕ್ಕನನ್ನು ಎಡಗಡೆ ಸಮುದ್ರದ ಬದಿಗೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಪಡುವಣದ ಬಿಸಿಲು ಇಬ್ಬರ ಮುಖಕ್ಕೂ ಹೊಡೆಯಿತು. ಸ್ವಲ್ಪ ದೂರ ಹೋದ ಮೇಲೆ ಅವರು ಅಂಗಿಯ ಮೇಲಿನ ಗುಂಡಿ ಬಿಚ್ಚಿ ಹೇಳಿದ್ದು ನನಗೆ ಹಿಂದಿನ ಸೀಟಿಗೆ ಸ್ಪಷ್ಟವಾಗಿ ಕೇಳಿಸಿತು. “ಸೆಖೆ ಉಂಟು, ಅಕ್ಕಾ.”

“ಮತ್ತೆ? ಬೇಸಿಗೆ ಅಲ್ವಾ?” ಎಂದರು ಅತ್ತೆ.

ಮನೆಗೆ ಬಂದಾಗ ಐದು ದಾಟಿತ್ತು. ಅತ್ತೆ ಕೈಕಾಲು ತೊಳೆದು ಮಲಗಿದ್ದೇ ನಿದ್ದೆಹೋದರು. ಮಾಮ ಉಳಿದ ಹಣ್ಣುಗಳನ್ನು ಒಂದಕ್ಕೊಂದು ತಾಗದಂತೆ ನಡುಮನೆಯ ನೆಲದ ಮೇಲೆ ಹರವುತ್ತಿದ್ದರು. ನಾನು ಗೋಡೆಯ ಮೇಲೆ ಒಣಗಲಿಟ್ಟ ಮುರುಗಲು ಸಿಪ್ಪೆ ತೆಗೆಯಲು ಅಂಗಳಕ್ಕೆ ಬಂದೆ. ಪಕ್ಕದ ಮನೆಯ ಬಾಯಿ ಗಿಡಗಳಿಗೆ ನೀರು ಹಾಕುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

“ಎಂತ ಗೊ, ಬೆಳಿಗ್ಗೆಯಿಂದ ನಿಮ್ಮ ಬಾಗಿಲಿಗೆ ಬೀಗ! ಮೀನಿನವಳು ಕೂಗಿ ಕೂಗಿ ಹೋದ್ಲು. ಮನೆಯಲ್ಲಿ ಯಾರೂ ಇರ್ಲಿಲ್ವಾ?”